ಅಂಗಡಿಯ ಹೆಸರೂ ಒಂದು ಅಮಾನತ್

(ಶಿವಮೊಗ್ಗ ನಗರದಲ್ಲಿ ನೀಡಿದ ಜುಮಾ ಪ್ರವಚನದ ಸಾರ. ಮರುವಾರ ಭದ್ರಾವತಿಯಲ್ಲಿ ಸಣ್ಣ ವ್ಯಾಪಾರಿಗಳ ಮುಂದೆ ಆಡಿದ ಕೆಲವು ಮಾತುಗಳನ್ನೂ ಇದರಲ್ಲಿ ಸೇರಿಸಲಾಗಿದೆ.)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ) ಅವರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಶಾಂತಿ, ಅನುಗ್ರಹಗಳಿರಲಿ.



ಕೆಲವು ತಿಂಗಳ ಹಿಂದೆ ಮಗ್ರಿಬ್ ನಮಾಝ್ ಮುಗಿಸಿ ಕುಳಿತಿದ್ದಾಗ ನಮ್ಮ ಮೊಹಲ್ಲಾದ ಯುವಕನೊಬ್ಬ ಬಂದ. ಕೈಯಲ್ಲಿ ಜೇನುತುಪ್ಪದ ಬಾಟಲಿ. ಅದರ ಮೇಲೆ ಚಂದದ ಲೇಬಲ್: ಹಸಿರು ಕಾಡು, ಒಂದು ಜಲಪಾತ, 'ಮಲೆನಾಡಿನ ಶುದ್ಧ ಕಾಡುಜೇನು' ಎಂಬ ಬರಹ. ಕೆಳಗೆ ಸೂರಃ ಅನ್ನಹ್ಲ್‌ನ ಆಯತ್. ಜೇನುನೊಣದ ಹೊಟ್ಟೆಯಿಂದ ಹೊರಡುವ ಪಾನೀಯದಲ್ಲಿ ಮನುಷ್ಯರಿಗೆ ಉಪಶಮನವಿದೆ ಎಂದು ತಿಳಿಸುವ ಆಯತ್. ಪಕ್ಕದಲ್ಲಿ ಒಂದು ಹಲಾಲ್ ಮುದ್ರೆ.

"ಹಜ್ರತ್, ಹೊಸ ಬ್ರ್ಯಾಂಡ್ ಶುರು ಮಾಡಿದ್ದೀನಿ. ನೀವು ಈ ಬಾಟಲಿ ಹಿಡ್ಕೊಂಡು ಮೊಬೈಲ್ ಮುಂದೆ ಎರಡು ಮಾತು ಹೇಳಿಬಿಡಿ. ನಿಮ್ಮ ಮಾತು ಅಂದ್ರೆ ಜನ ನಂಬ್ತಾರೆ" ಎಂದ.

"ಬೇಟಾ, ಈ ಜೇನು ಎಲ್ಲಿಯದು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಿಜ ಹೇಳಿದ. ಹೊರರಾಜ್ಯದ ವ್ಯಾಪಾರಿಯೊಬ್ಬರಿಂದ ಟಿನ್‌ಗಟ್ಟಲೆ ತರಿಸುತ್ತಾನೆ, ಮನೆಯಲ್ಲಿ ಬಾಟಲಿಗೆ ತುಂಬುತ್ತಾನೆ. ಅದು ಯಾವ ಕಾಡಿನದು, ಕಾಡಿನದೇ ಹೌದೋ ಅಲ್ಲವೋ, ಅದರಲ್ಲಿ ಸಕ್ಕರೆ ಪಾಕ ಬೆರೆತಿದೆಯೋ ಇಲ್ಲವೋ ಅವನಿಗೂ ಗೊತ್ತಿಲ್ಲ. ಈ ವ್ಯಾಪಾರಕ್ಕೆ ಅಕ್ಕನ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದಾನೆ. ಎರಡು ಸಾವಿರ ಲೇಬಲ್ ಮುದ್ರಿಸಿ ಆಗಿದೆ. "ಎಲ್ಲರೂ ಹೀಗೇ ಮಾಡ್ತಾರೆ ಹಜ್ರತ್" ಎಂದ.

ನಾನು ವಿಡಿಯೋ ಮಾಡಲಿಲ್ಲ. ಅವನು ಬೇಸರದಿಂದಲೇ ಹೋದ. ಆ ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಕಷ್ಟಪಟ್ಟು ದುಡಿಯಲು ಹೊರಟ ಹುಡುಗನ ಕೈ ಹಿಡಿಯಬೇಕಾದವನು ನಾನೇ ಬಾಗಿಲು ಮುಚ್ಚಿದೆನೇ? ಇಂದಿನ ಮಾತು ಈ ಪ್ರಶ್ನೆಯಿಂದಲೇ ಹುಟ್ಟಿದ್ದು.

ಸಹೋದರರೇ, ಬ್ರ್ಯಾಂಡ್ ಎಂಬ ಪದ ಹೊಸದು, ವಿಷಯ ಹಳೆಯದು. ನಮ್ಮ ಹಿರಿಯರು ಅದನ್ನು 'ಹೆಸರು' ಎನ್ನುತ್ತಿದ್ದರು. ಪ್ರವಾದಿವರ್ಯರಿಗೆ(ಸ) ನುಬುವ್ವತ್ ಲಭಿಸುವುದಕ್ಕೆ ಮೊದಲೇ ಮಕ್ಕಾದ ಜನರು ಅವರನ್ನು 'ಅಲ್ ಅಮೀನ್' ಎಂದು ಕರೆಯುತ್ತಿದ್ದರು. ಆ ಹೆಸರನ್ನು ಅವರು ತಾವೇ ಇಟ್ಟುಕೊಂಡದ್ದಲ್ಲ, ಬೋರ್ಡು ಬರೆಸಿದ್ದೂ ಅಲ್ಲ. ವ್ಯವಹಾರ ಮಾಡಿ ನೋಡಿದವರು ಕೊಟ್ಟ ಹೆಸರು ಅದು. ಹಝ್ರತ್ ಖದೀಜಾ(ರ) ತಮ್ಮ ಸರಕನ್ನು ಒಪ್ಪಿಸಿ ಶಾಮ್ ದೇಶಕ್ಕೆ ಕಳುಹಿಸಿದ್ದು ಆ ಪ್ರಾಮಾಣಿಕತೆಯನ್ನು ಕೇಳಿ ತಿಳಿದೇ. ಅವರ ಸಂದೇಶವನ್ನು ವಿರೋಧಿಸಿದವರು ಕೂಡ ತಮ್ಮ ಅಮೂಲ್ಯ ವಸ್ತುಗಳನ್ನು ಅವರ ಬಳಿಯೇ ಇಡುತ್ತಿದ್ದರು. ಹಿಜ್ರತ್‌ನ ರಾತ್ರಿ, ಪ್ರಾಣಕ್ಕೇ ಅಪಾಯವಿದ್ದಾಗ, ಆ ವಸ್ತುಗಳನ್ನೆಲ್ಲ ಅವರವರಿಗೆ ಹಿಂದಿರುಗಿಸಲು ಹಝ್ರತ್ ಅಲಿಯವರನ್ನು(ರ) ಹಿಂದೆ ಬಿಟ್ಟು ಹೊರಟರು.

ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ನಾವು ಹೇಳುವ ಅಮಾನತ್ ಬೇರೆ. ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ್ದು ಅಮಾನತ್. ಗಿರಾಕಿಗೆ ಬಾಟಲಿಯ ಒಳಗೆ ಏನಿದೆ ಎಂದು ಕಾಣುವುದಿಲ್ಲ. ಮೇಲಿನ ಹೆಸರನ್ನು ನಂಬಿ ಹಣ ಕೊಡುತ್ತಾನೆ. ಆದ್ದರಿಂದ ಆ ಹೆಸರೂ ಅಮಾನತ್.

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದ ಪ್ರಸಂಗ ನಿಮಗೆಲ್ಲ ಗೊತ್ತು. ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲ ಎಂದು ಅವರು ಕೇಳಿದರು; ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಗಮನಿಸಿ, ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ. ಒದ್ದೆ ಧಾನ್ಯ ಮಾರಬಾರದು ಎಂದೂ ಹೇಳಲಿಲ್ಲ. ಒದ್ದೆಯನ್ನು ಕೆಳಗೆ ಮುಚ್ಚಿ, ಒಣಗಿದ್ದನ್ನು ಮೇಲೆ ಹರಡಿದ್ದೇ ತಪ್ಪು. ಇಂದು ನಮ್ಮ ರಾಶಿಯ ಮೇಲ್ಪದರ ಯಾವುದು? ಲೇಬಲ್, ಬೋರ್ಡು, ಮೊಬೈಲ್‌ನಲ್ಲಿ ಹಾಕುವ ಫೋಟೋ.

ನಮ್ಮ ಇಮಾಮ್ ಅಬೂ ಹನೀಫಾ(ರಹ್) ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯೊಂದನ್ನು ಪಾಲುದಾರರಿಗೆ ಕಳುಹಿಸಿ, ಕೊಳ್ಳುವವರಿಗೆ ದೋಷವನ್ನು ತೋರಿಸಿಯೇ ಮಾರಬೇಕೆಂದು ತಿಳಿಸಿದ್ದರು. ಪಾಲುದಾರರು ಮರೆತು ಮಾರಿಬಿಟ್ಟರು, ಕೊಂಡವರು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ನಾವು ವುಝೂ, ನಮಾಝಿನ ಮಸ್‌ಅಲಾಗಳಲ್ಲಿ ಅವರನ್ನು ಅನುಸರಿಸುತ್ತೇವೆ. ಅವರ ಅಂಗಡಿಯನ್ನೂ ಅನುಸರಿಸಬೇಡವೇ?

ಇನ್ನು ಧರ್ಮವನ್ನೇ ಬ್ರ್ಯಾಂಡ್ ಮಾಡುವ ವಿಷಯ. ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದ್ದು ಯಾರೂ ಮರೆತಿಲ್ಲ. ಬಡ್ಡಿಯಿಲ್ಲದ ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಅದು ಹಣ ಸಂಗ್ರಹಿಸಿತ್ತು. ಹತ್ತಾರು ಸಾವಿರ ಮಂದಿ ದೂರು ಕೊಡಲು ಸಾಲುಗಟ್ಟಿ ನಿಂತರು. ಅವರಲ್ಲಿ ಹೆಚ್ಚಿನವರು ನಮ್ಮವರೇ. ಮಗಳ ಮದುವೆಗೆ, ಹಜ್ ಯಾತ್ರೆಗೆ ಕೂಡಿಟ್ಟ ಹಣ ಹೋಯಿತು. ಲೆಕ್ಕಪತ್ರ ಕೇಳಬೇಕಾದಲ್ಲಿ ಜನರು ಟೋಪಿ, ಗಡ್ಡ, 'ಹಲಾಲ್' ಎಂಬ ಪದವನ್ನು ನೋಡಿ ಸುಮ್ಮನಾದರು. ಉಲಮಾಗಳಾದ ನಮಗೂ ಇದರಲ್ಲಿ ಪಾಠವಿದೆ. ನಾನು ನೋಡದ ಸರಕಿಗೆ ನನ್ನ ನಾಲಿಗೆ ಸಾಕ್ಷಿ ಹೇಳಬಾರದು. ಅಂದು ಆ ಹುಡುಗನಿಗೆ ನಾನು 'ಇಲ್ಲ' ಎಂದದ್ದು ಇದೇ ಕಾರಣಕ್ಕೆ.

ಮತ್ತೊಂದು ಮಾತು. ಲೇಬಲ್ ಮೇಲೆ ಆಯತ್ ಮುದ್ರಿಸಿದರೆ ಜೇನು ಮುಗಿದ ಮೇಲೆ ಆ ಬಾಟಲಿ ಎಲ್ಲಿ ಬೀಳುತ್ತದೆ ಎಂದು ಯೋಚಿಸಿದ್ದೀರಾ? ಕಸದ ತೊಟ್ಟಿಗೆ. ಸೂರಃ ಅನ್ನಹ್ಲ್ ಇರುವ ಅದೇ ಕುರ್‌ಆನ್‌ನಲ್ಲಿ ಅಳತೆ-ತೂಕದಲ್ಲಿ ಮೋಸ ಮಾಡುವವರ ವಿನಾಶದ ಬಗ್ಗೆ ಸೂರಃ ಅಲ್ ಮುತಫ್ಫಿಫೀನ್ ಕೂಡ ಇದೆ. ಅದನ್ನು ಯಾವ ವ್ಯಾಪಾರಿಯೂ ಲೇಬಲ್ ಮೇಲೆ ಮುದ್ರಿಸುವುದಿಲ್ಲ. ಅದು ತಕ್ಕಡಿಯ ಮುಂದೆ ನಿಂತಾಗ ನೆನಪಾಗಬೇಕಾದದ್ದು.

ಭದ್ರಾವತಿಯ ಸಹೋದರರಿಗೆ ಹೇಳಿದ ಮಾತನ್ನು ಇಲ್ಲಿಯೂ ಹೇಳುತ್ತೇನೆ. ಆ ಊರು ಹೆಸರು ಎಂದರೇನೆಂದು ಬಲ್ಲದು. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಕಾರ್ಖಾನೆಯ ಗುರುತಿನ ಚೀಟಿ ಇದ್ದರೆ ಕಿರಾಣಿ ಅಂಗಡಿಯಲ್ಲಿ ಸಾಲ ಹುಟ್ಟುತ್ತಿತ್ತು, ಹೆಣ್ಣು ಕೊಡಲು ಮಂದಿ ಮುಂದೆ ಬರುತ್ತಿದ್ದರು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯ ಬಾಗಿಲು ಮುಚ್ಚುತ್ತದೆಂಬ ಸುದ್ದಿ 2023ರ ಆರಂಭದಲ್ಲಿ ಎಷ್ಟು ಮನೆಗಳ ನಿದ್ದೆ ಕೆಡಿಸಿತು ಎಂಬುದನ್ನು ಆ ಊರಿನವರೇ ಹೇಳಬೇಕು. ಅಪ್ಪಂದಿರು ಕಾರ್ಖಾನೆಯ ಹೆಸರಿನಲ್ಲಿ ಬದುಕಿದರು. ಮಕ್ಕಳು ಬೇಕರಿ, ಗ್ಯಾರೇಜು, ಬಿರಿಯಾನಿ ಆರ್ಡರು, ಟೈಲರಿಂಗ್ ಎಂದು ತಮ್ಮ ಸ್ವಂತ ಹೆಸರಿನಲ್ಲಿ ಬದುಕಬೇಕಾಗಿದೆ. ಈಗ ಅವರ ಕೈಯಲ್ಲಿರುವ ಬಂಡವಾಳ ಆ ಹೆಸರೊಂದೇ.

ಕೆಲವು ಯುವಕರು ನನ್ನನ್ನು ನೇರವಾಗಿ ಕೇಳುತ್ತಾರೆ: "ಹಜ್ರತ್, ನಾವೆಷ್ಟೇ ಪ್ರಾಮಾಣಿಕರಾದರೂ ನಮ್ಮ ಹೆಸರು ನೋಡಿಯೇ ಕೆಲವರು ಬರುವುದಿಲ್ಲವಲ್ಲ?" ಈ ಪ್ರಶ್ನೆಯಲ್ಲಿ ನೋವಿದೆ. 2022ರ ಮಾರ್ಚ್‌ನಲ್ಲಿ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂಬ ಕೂಗು ರಾಜ್ಯದ ಹಲವೆಡೆ ಎದ್ದಿತು. ನಮ್ಮ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯೂ ಅದರಿಂದ ಹೊರಗುಳಿಯಲಿಲ್ಲ. ಪ್ರಾಮಾಣಿಕನಾದರೆ ಎಲ್ಲರೂ ಬಂದೇ ಬರುತ್ತಾರೆ ಎಂದು ನಾನು ಸುಳ್ಳು ಭರವಸೆ ಕೊಡಲಾರೆ. ಆದರೆ ನನಗೆ ಪರಿಚಯದ ಬಳೆ ವ್ಯಾಪಾರಿಯೊಬ್ಬರ ಮನೆಗೆ ಆ ವಾರ ಹಳೆಯ ಗಿರಾಕಿಗಳಾದ ಹಿಂದೂ ತಾಯಂದಿರು ಬಂದು ಬಳೆ ತೊಟ್ಟು ಹೋದರು. ಮೂವತ್ತು ವರ್ಷ ಅವರು ಒಡೆದ ಬಳೆಗೆ ಹಣ ತೆಗೆದುಕೊಂಡವರಲ್ಲ. ಕೂಗಿಗೆ ಉತ್ತರ ಕೊಡಲು ಅವರ ಬಳಿ ಮೈಕು ಇರಲಿಲ್ಲ. ಆ ಮೂವತ್ತು ವರ್ಷ ಅವರ ಪರವಾಗಿ ಮಾತನಾಡಿತು. ನಮ್ಮಲ್ಲಿ ಒಬ್ಬ ತೂಕದಲ್ಲಿ ಕದ್ದರೆ ಅದರ ಕಳಂಕ ಇಂಥವರ ಮೇಲೂ ಬೀಳುತ್ತದೆ, ನೆನಪಿರಲಿ.

ಈಗ ಕೆಲವು ಕೈಗೊಳ್ಳಬಹುದಾದ ಕೆಲಸಗಳು.

ಮೊದಲನೆಯದು, ಗೊತ್ತಿರುವುದನ್ನಷ್ಟೇ ಬರೆಯಿರಿ. 'ಶುದ್ಧ', 'ಮನೆಯಲ್ಲೇ ಮಾಡಿದ್ದು', 'ಕಾಡಿನದು' ಎಂಬ ಒಂದೊಂದು ಪದವೂ ಸಾಕ್ಷ್ಯ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಜೇನು ಬ್ರ್ಯಾಂಡ್‌ಗಳನ್ನು ಪರೀಕ್ಷಿಸಿ, ಜರ್ಮನಿಯ ಪ್ರಯೋಗಾಲಯದ ಪರೀಕ್ಷೆಯಲ್ಲಿ ಮೂರು ಮಾತ್ರ ತೇರ್ಗಡೆಯಾದವು ಎಂದು ಪ್ರಕಟಿಸಿತು. ದೊಡ್ಡ ಕಂಪನಿಗಳು ಅದನ್ನು ಒಪ್ಪಲಿಲ್ಲ. ನಮಗೆ ಬೇಕಾದ ಪಾಠ ಇಷ್ಟೇ: ಬೆರಳಿಗೆ ಹಚ್ಚಿ, ನೀರಿಗೆ ಹಾಕಿ ನೋಡಿ 'ಶುದ್ಧ' ಎನ್ನುವ ಕಾಲ ಇದಲ್ಲ.

ಎರಡನೆಯದು, ದೋಷವನ್ನು ನೀವೇ ಮೊದಲು ಹೇಳಿ. ನಿನ್ನೆಯ ಬನ್ನನ್ನು ನಿನ್ನೆಯದೆಂದೇ ಹೇಳಿ ಕಡಿಮೆ ಬೆಲೆಗೆ ಕೊಡಿ. ಗ್ಯಾರೇಜಿನಲ್ಲಿ ಹಳೆಯ ಬಿಡಿಭಾಗ ಹಾಕಿದರೆ ಹಳೆಯದೆಂದೇ ಹೇಳಿ. ಮುಚ್ಚಿಟ್ಟ ದೋಷ ಹೊರಬಂದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ಶರೀಅತ್ ಗಿರಾಕಿಗೆ ಕೊಟ್ಟಿದೆ. 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಬೋರ್ಡು ಆ ಹಕ್ಕನ್ನು ಅಳಿಸುವುದಿಲ್ಲ.

ಮೂರನೆಯದು, ಸುಳ್ಳು ಹೊಗಳಿಕೆ ಬೇಡ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸಿ ಕೂಗುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು; ಅದಕ್ಕೆ ನಜ್‌ಶ್ ಎನ್ನುತ್ತಾರೆ. ತಮ್ಮ ಅಂಗಡಿಗೆ ತಮ್ಮ ಭಾವಮೈದುನರಿಂದ, ಗೆಳೆಯರಿಂದ ಐದು ನಕ್ಷತ್ರ ಹಾಕಿಸುವುದು ಅದರದೇ ತಮ್ಮ. ಮಾತುಮಾತಿಗೆ 'ಅಲ್ಲಾಹನ ಆಣೆ' ಎಂದು ಮಾರುವುದರಿಂದ ಸರಕು ಖರ್ಚಾಗಬಹುದು, ಬರಕತ್ ಹೋಗುತ್ತದೆ ಎಂದೂ ಹದೀಸ್ ಎಚ್ಚರಿಸಿದೆ.

ನಾಲ್ಕನೆಯದು, ಕಾನೂನನ್ನು ಹೊರೆ ಎಂದುಕೊಳ್ಳಬೇಡಿ. ತಿನ್ನುವ ವಸ್ತು ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, 14 ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ಬೆಲೆ, ತಿಂಗಳು-ವರ್ಷ ಇರಬೇಕು. ತಕ್ಕಡಿಗೆ ಕಾಲಕಾಲಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿ. ನಿಮ್ಮ ಹೆಸರು ನಿಮ್ಮದೇ ಎನ್ನಿಸಿದರೆ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿ; ಅದು 10 ವರ್ಷಕ್ಕೆ ಸಿಗುತ್ತದೆ, ಮತ್ತೆ ನವೀಕರಿಸಬಹುದು. ಹೆಸರುವಾಸಿ ಕಂಪನಿಯ ಒಂದಕ್ಷರ ಬದಲಿಸಿ ಅದೇ ಬಣ್ಣದ ಪೊಟ್ಟಣ ಮಾಡುವವರು ಇನ್ನೊಬ್ಬರ ಹೊಲದ ಬೆಳೆಯನ್ನೇ ಕೊಯ್ಯುತ್ತಿದ್ದಾರೆ.

ಸಹೋದರರೇ, ಆ ಯುವಕನ ಕಥೆ ಮುಗಿಸಿಲ್ಲ. ಎರಡು ವಾರ ಕಳೆದು ಮತ್ತೆ ಬಂದ. ತೆರೆಯದ ಟಿನ್‌ಗಳನ್ನು ನಷ್ಟಕ್ಕೆ ಹಿಂದಿರುಗಿಸಿದ್ದ. ತೆರೆದಿದ್ದನ್ನು ಎಲ್ಲಿಂದ ಬಂತೆಂದು ಹೇಳಿಯೇ ಬೇಕರಿಯೊಂದಕ್ಕೆ ಕೊಟ್ಟಿದ್ದ. ಆಮೇಲೆ ತೀರ್ಥಹಳ್ಳಿ ಕಡೆಯ ಒಬ್ಬ ಕೃಷಿಕರ ತೋಟಕ್ಕೆ ಹೋಗಿ, ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನನ್ನು ಕಣ್ಣೆದುರೇ ತೆಗೆಸಿ ತಂದ. ಬೆಲೆ ಹೆಚ್ಚು, ಸಿಗುವುದು ಕಡಿಮೆ. ಹೊಸ ಲೇಬಲ್‌ನಲ್ಲಿ ಜಲಪಾತವಿಲ್ಲ, ಆಯತ್ ಇಲ್ಲ. 'ತುಡುವೆ ಜೇನು, ತೋಟದ ಪೆಟ್ಟಿಗೆಯದು' ಎಂದಿದೆ, ತೆಗೆದ ತಿಂಗಳು ಇದೆ. ಚಳಿಗಾಲದಲ್ಲಿ ಹರಳುಗಟ್ಟಿದಾಗ ನಾಲ್ಕು ಮಂದಿ ಸಕ್ಕರೆ ಬೆರೆಸಿದ್ದೀಯ ಎಂದು ಜಗಳಕ್ಕೆ ಬಂದರು. ಅಪ್ಪಟ ಜೇನೂ ಹರಳುಗಟ್ಟುತ್ತದೆಂದು ವಿವರಿಸಿದ. ಒಪ್ಪದವರಿಗೆ ಹಣ ವಾಪಸ್ ಕೊಟ್ಟ. ಅವರಲ್ಲಿ ಇಬ್ಬರು ಮತ್ತೆ ಬಂದು ಕೊಂಡರು.

ಅವನು ಶ್ರೀಮಂತನಾಗಿಲ್ಲ. ಅಕ್ಕನ ಬಳೆಗಳು ಇನ್ನೂ ಬ್ಯಾಂಕಿನಲ್ಲೇ ಇವೆ. ವಿಡಿಯೋ ಮಾಡಲೆಂದು ಅವನು ಮತ್ತೆ ಕೇಳಲಿಲ್ಲ. ನಾನು ಮಾತ್ರ ತಿಂಗಳಿಗೊಂದು ಬಾಟಲಿ ಹಣ ಕೊಟ್ಟು ಕೊಳ್ಳುತ್ತೇನೆ. ನೀವೂ ಇದನ್ನು ಮಾಡಬಹುದು. ನಿಜ ಹೇಳಿ ಮಾರುವವನ ಬಳಿ ನಾಲ್ಕು ರೂಪಾಯಿ ಹೆಚ್ಚಾದರೂ ಕೊಳ್ಳಿ, ಚೌಕಾಸಿಯಲ್ಲಿ ಅವನನ್ನು ಹಿಂಡಬೇಡಿ, ಸಾಲ ಇಟ್ಟಿದ್ದರೆ ಇಂದೇ ತೀರಿಸಿ. ಪ್ರಾಮಾಣಿಕ ವ್ಯಾಪಾರಿ ಉಳಿಯಬೇಕಾದರೆ ಪ್ರಾಮಾಣಿಕ ಗಿರಾಕಿಯೂ ಬೇಕು.

ಸತ್ಯವಂತನೂ ನಂಬಿಕಸ್ಥನೂ ಆದ ವ್ಯಾಪಾರಿಯು ಪ್ರವಾದಿಗಳ, ಸತ್ಯಸಂಧರ, ಹುತಾತ್ಮರ ಜೊತೆಗಿರುವನೆಂಬ ಶುಭವಾರ್ತೆ ಹದೀಸ್‌ನಲ್ಲಿದೆ. ಅಂಗಡಿಯ ಗಲ್ಲಾದ ಹಿಂದೆ ಕುಳಿತವನಿಗೆ ಇದಕ್ಕಿಂತ ದೊಡ್ಡ ಸ್ಥಾನ ಯಾವುದಿದೆ?

ಓ ಅಲ್ಲಾಹ್, ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸು. ನಮ್ಮ ನಾಲಿಗೆಗೆ ಸತ್ಯವನ್ನೂ ತಕ್ಕಡಿಗೆ ನ್ಯಾಯವನ್ನೂ ದಯಪಾಲಿಸು. ಸಾಲದ ಹೊರೆ ಹೊತ್ತವರ ಹೊರೆ ಇಳಿಸು. ಕೆಲಸ ಕಳೆದುಕೊಂಡ ಮನೆಗಳಲ್ಲಿ ಬರಕತ್ ತುಂಬು. ಆಮೀನ್.