ಆಟ ಮುಗಿದ ಮೇಲೆ ಆಟಗಾರನ ಮನೆಗೆ ಹೋದವರು

ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಆಡಿದ ಮಾತು ಈಗ ಓದುವ ರೂಪದಲ್ಲಿ ನಿಮ್ಮ ಕೈಯಲ್ಲಿದೆ.

ಪಂದ್ಯದ ಮರುದಿನ ಪತ್ರಿಕೆ ಬರುತ್ತದೆ. ನೀವು ಕೊನೆಯ ಪುಟ ತಿರುವಿ ಸ್ಕೋರು ನೋಡುತ್ತೀರಿ. ಸಂಜೆಯ ಹೊತ್ತಿಗೆ ಅದೇ ಪುಟ ಕಡಲೆಕಾಯಿ ಪೊಟ್ಟಣವಾಗಿರುತ್ತದೆ. ಕ್ರೀಡಾ ವರದಿಯ ಆಯಸ್ಸು ಅಷ್ಟೇ. ಆದರೆ ಆ ವರದಿ ಬರೆದವನೇ ಇಪ್ಪತ್ತು ವರ್ಷ ಬಿಟ್ಟು ಅದೇ ಆಟಗಾರರನ್ನು ಹುಡುಕಿಕೊಂಡು ಹೋದರೆ? ಹಾಗೆ ಹೋದವರೊಬ್ಬರ ಕಥೆ ಇವತ್ತಿನದು. ಅವರ ಹೆಸರು ರೋಜರ್ ಕಾನ್.

ಹುಟ್ಟಿದ್ದು 1927ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ನಮ್ಮಂಥ ರೇಡಿಯೋದವರಿಗೆ ಖುಷಿ ಕೊಡುವ ಒಂದು ಸಂಗತಿಯಿದೆ. 1938ರಲ್ಲಿ ಶುರುವಾಗಿ ಅಮೆರಿಕದಲ್ಲಿ ಮನೆಮಾತಾಗಿದ್ದ 'ಇನ್ಫರ್ಮೇಷನ್ ಪ್ಲೀಸ್' ಎಂಬ ರೇಡಿಯೋ ಕ್ವಿಜ್‌ಗೆ ಪ್ರಶ್ನೆ ಹೊಂದಿಸುವ ಕೆಲಸದಲ್ಲಿ ಇವರ ತಂದೆ ಇದ್ದರು. ಮಗನಿಗೆ ಬೇಸ್‌ಬಾಲ್ ಹುಚ್ಚು ಹಿಡಿಸಿದವರೂ ಅವರೇ.

1948ರಲ್ಲಿ ಕಾನ್ 'ಹೆರಾಲ್ಡ್ ಟ್ರಿಬ್ಯೂನ್' ಪತ್ರಿಕೆಗೆ ಸೇರಿದ್ದು ಕಾಗದ ಹೊತ್ತು ತಿರುಗುವ ಹುಡುಗನಾಗಿ. 1952ರಲ್ಲಿ, 24ನೆಯ ವಯಸ್ಸಿಗೆ, ತನ್ನದೇ ಊರಿನ ತಂಡ ಬ್ರೂಕ್ಲಿನ್ ಡಾಡ್ಜರ್ಸ್ ಜೊತೆ ಊರೂರು ಸುತ್ತುವ ವರದಿಗಾರನಾದರು. ಅದು ಬರಿಯ ತಂಡವಲ್ಲ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಎಂಬ ಕಪ್ಪು ಜನಾಂಗದ ಆಟಗಾರನನ್ನು ಕಣಕ್ಕಿಳಿಸಿ, ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗಿನಲ್ಲಿದ್ದ ಬಣ್ಣದ ಬೇಲಿಯನ್ನು ಮುರಿದ ತಂಡ. ಕಾನ್ ಜೊತೆಗಿದ್ದ 1952 ಮತ್ತು 1953ರಲ್ಲಿ ಡಾಡ್ಜರ್ಸ್ ಫೈನಲ್ ಹಂತದ ವರ್ಲ್ಡ್ ಸೀರೀಸ್ ತಲುಪಿ, ಎರಡು ಸಲವೂ ಯಾಂಕೀಸ್ ಎದುರು ಸೋತಿತು. ಗೆದ್ದದ್ದು 1955ರಲ್ಲಿ.

1957ರ ಸೀಸನ್ ಮುಗಿಯುತ್ತಲೇ ತಂಡದ ಮಾಲೀಕರು ಇಡೀ ತಂಡವನ್ನು ಲಾಸ್ ಏಂಜಲೀಸ್‌ಗೆ ಕೊಂಡೊಯ್ದರು. 1960ರಲ್ಲಿ ಹಳೆಯ ಮೈದಾನ ಎಬೆಟ್ಸ್ ಫೀಲ್ಡನ್ನೂ ಕೆಡವಿದರು. ಊರು ಬಿಟ್ಟು ಊರಿಗೆ ಬಂದಿರುವ ನಿಮಗೆ ಇದರ ನೋವನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಊರು ಬಿಟ್ಟು ಬಂದೆವು. ಅಲ್ಲಿ ಊರಿನ ಪ್ರೀತಿಯೇ ಊರು ಬಿಟ್ಟು ಹೋಯಿತು.

ಆಮೇಲೆ ಕಾನ್ ಆ ಹಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಹುಡುಕಿದರು. ಅದರ ಫಲವೇ 1972ರ ಪುಸ್ತಕ 'ದ ಬಾಯ್ಸ್ ಆಫ್ ಸಮ್ಮರ್'. ಅಲ್ಲಿ ಯಾರಿದ್ದಾರೆ ಗೊತ್ತೇ? ಬಲಗಡೆಯ ಗಡಿಯಿಂದ ಗುಂಡಿನ ಹಾಗೆ ಚೆಂಡೆಸೆಯುತ್ತಿದ್ದ ಕಾರ್ಲ್ ಫುರಿಲೋ, ಆಗ ಕಟ್ಟುತ್ತಿದ್ದ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಲಿಫ್ಟ್ ಕೂರಿಸುವ ಕೆಲಸ ಮಾಡುತ್ತಿದ್ದರು. ಫೀಲ್ಡಿಂಗ್‌ನಲ್ಲಿ ಸಾಟಿಯಿಲ್ಲದ ಬಿಲ್ಲಿ ಕಾಕ್ಸ್, ಪೆನ್ಸಿಲ್ವೇನಿಯಾದ ಸಣ್ಣ ಊರೊಂದರ ಬಾರ್‌ನಲ್ಲಿ ಗ್ಲಾಸು ತುಂಬಿಸುತ್ತಿದ್ದರು. ರಾಯ್ ಕ್ಯಾಂಪನೆಲ್ಲಾ 1958ರ ಜನವರಿಯ ಕಾರು ಅಪಘಾತದ ನಂತರ ಗಾಲಿಕುರ್ಚಿಯಲ್ಲಿದ್ದರು. ಬೌಲರ್ ಸ್ಥಾನದ ಕಾರ್ಲ್ ಅರ್ಸ್ಕಿನ್ ತಮ್ಮೂರಿಗೆ ಮರಳಿ, ಡೌನ್ ಸಿಂಡ್ರೋಮ್ ಇದ್ದ ಮಗನನ್ನು ಹೆಂಡತಿಯೊಂದಿಗೆ ಪ್ರೀತಿಯಿಂದ ಬೆಳೆಸುತ್ತಿದ್ದರು. ರಾಬಿನ್ಸನ್ 1971ರಲ್ಲಿ ಹಿರಿಯ ಮಗನನ್ನು ಕಳೆದುಕೊಂಡರು. ಪುಸ್ತಕ ಬಂದ ವರ್ಷವೇ, ಅಕ್ಟೋಬರ್‌ನಲ್ಲಿ, ಸಕ್ಕರೆ ಕಾಯಿಲೆಯಿಂದ ಜರ್ಜರಿತರಾಗಿದ್ದ ಅವರೂ ತೀರಿಕೊಂಡರು. ಆಗ ಅವರಿಗೆ ಬರೀ 53.

ಗೆಲುವಿನ ಪುಸ್ತಕ ಎಲ್ಲರೂ ಬರೆಯುತ್ತಾರೆ. ಚಪ್ಪಾಳೆ ನಿಂತ ಮೇಲೆ ಮನುಷ್ಯ ಹೇಗೆ ಬದುಕುತ್ತಾನೆ ಎಂದು ಕೇಳಿದ್ದು ಕಾನ್ ಹೆಚ್ಚುಗಾರಿಕೆ. 2002ರಲ್ಲಿ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಆರಿಸಿದ ನೂರು ಕ್ರೀಡಾ ಪುಸ್ತಕಗಳಲ್ಲಿ ಇದಕ್ಕೆ ಎರಡನೆಯ ಸ್ಥಾನ ಸಿಕ್ಕಿತು.

ಅಲ್ಲಿಗೇ ನಿಲ್ಲಲಿಲ್ಲ. 1983ರಲ್ಲಿ ಯೂಟಿಕಾ ಬ್ಲೂ ಸಾಕ್ಸ್ ಎಂಬ ಸಣ್ಣ ಲೀಗಿನ ತಂಡವನ್ನು ಸ್ವತಃ ನಡೆಸಿದರು, ತಂಡ ಪ್ರಶಸ್ತಿಯನ್ನೂ ಗೆದ್ದಿತು, ಆ ಅನುಭವವೂ 1985ರಲ್ಲಿ ಪುಸ್ತಕವಾಯಿತು. 1999ರಲ್ಲಿ ಬಾಕ್ಸರ್ ಜ್ಯಾಕ್ ಡೆಂಪ್ಸಿಯ ಜೀವನ, 2014ರಲ್ಲಿ ರಾಬಿನ್ಸನ್ ಮತ್ತು ಅವರನ್ನು ತಂಡಕ್ಕೆ ತಂದ ಬ್ರಾಂಚ್ ರಿಕಿ ಇಬ್ಬರ ಕಥೆ. ಆಗ ಕಾನ್ ವಯಸ್ಸು 86 ದಾಟಿತ್ತು.

ಆದರೆ ಆಟಗಾರನ ಮನೆಯೊಳಗೆ ಹೋಗುವುದರಲ್ಲಿ ಅಪಾಯವೂ ಇದೆ. 1989ರಲ್ಲಿ ಪೀಟ್ ರೋಸ್ ಜೊತೆ ಸೇರಿ ಅವರ ಕಥೆ ಬರೆದರು. ತಾನು ಬೇಸ್‌ಬಾಲ್ ಮೇಲೆ ಬಾಜಿ ಕಟ್ಟಿಲ್ಲ ಎಂದು ರೋಸ್ ಆ ಪುಸ್ತಕದಲ್ಲಿ ಹೇಳಿಕೊಂಡರು. ಅದೇ ವರ್ಷ ಅವರ ಮೇಲೆ ನಿಷೇಧ ಬಿತ್ತು. 2004ರಲ್ಲಿ ರೋಸ್ ತಾನು ಬಾಜಿ ಕಟ್ಟಿದ್ದು ನಿಜವೆಂದು ಒಪ್ಪಿಕೊಂಡರು. ನಂಬಿಕೆಯೇ ಬಂಡವಾಳವಾದ ಬರಹಗಾರನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ? ಹತ್ತಿರ ಹೋಗದೆ ಮನುಷ್ಯ ಕಾಣುವುದಿಲ್ಲ, ತೀರ ಹತ್ತಿರ ಹೋದರೆ ಸುಳ್ಳು ಕಾಣುವುದಿಲ್ಲ. ಚರಿತ್ರೆ ಬರೆಯುವವರು ಈ ಎರಡರ ನಡುವೆಯೇ ಹೆಜ್ಜೆ ಇಡಬೇಕು.

ಕಾನ್ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಅರ್ಸ್ಕಿನ್ 2024ರ ಏಪ್ರಿಲ್‌ನಲ್ಲಿ, 97ನೆಯ ವಯಸ್ಸಿನಲ್ಲಿ ಹೋದರು. ಅವರ ಮಾತು ಪುಸ್ತಕದಲ್ಲಿ ಉಳಿದಿದೆ, ಏಕೆಂದರೆ ಅವರು ಇದ್ದಾಗಲೇ ಯಾರೋ ಹೋಗಿ ಕೇಳಿದ್ದರು.

ನಿಮ್ಮ ಬಿಲ್ಡಿಂಗಿನಲ್ಲೂ ಒಂದು ಕಾಲಕ್ಕೆ ಕಬಡ್ಡಿಯನ್ನೋ ಹಾಕಿಯನ್ನೋ ಆಡಿದ ಹಿರಿಯರು ಇರಬಹುದು. ಈ ಭಾನುವಾರ ಒಂದು ಕಪ್ ಕಾಫಿ ನೆಪ ಮಾಡಿಕೊಂಡು ಹೋಗಿ, ಕೇಳಿ, ಬರೆದಿಡಿ. ನಮಗೂ ಬರೆದು ಕಳಿಸಿ, ಪ್ರಸಾರ ಮಾಡೋಣ.