ಮಾತ್ರೆ ಬಿಟ್ಟ ಮೂರು ತಿಂಗಳು
(ಗಿರಣಿ ಕೆಲಸಗಾರರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ವೇದಿಕೆಯ ಮೇಲೆ ನಿಂತು ಮಾತನಾಡಿ ಬಲ್ಲವಳಲ್ಲ. ಇಪ್ಪತ್ತೆರಡು ವರ್ಷ ನೂಲಿನ ಗಿರಣಿಯ ರೀಲಿಂಗ್ ಖಾತೆಯಲ್ಲಿ ನಿಂತು ದುಡಿದವಳು. ನಮ್ಮ ಮನೆಯವರು ಪೇಟೆಯ ಹಿಂದಿನ ಓಣಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಆದ್ದರಿಂದ ಇಲ್ಲಿ ಕುಳಿತಿರುವ ಎರಡು ಕಡೆಯವರ ಕಷ್ಟವೂ ನನಗೆ ಗೊತ್ತು. ಇಂದು ನಾನು ಹೇಳಲು ಬಂದಿರುವುದು ಕೂಲಿಯ ವಿಷಯವಲ್ಲ, ಬೋನಸ್ಸಿನ ವಿಷಯವಲ್ಲ. ಒಂದು ಸಣ್ಣ ಮಾತ್ರೆಯ ವಿಷಯ.

೨೦೧೮ರಲ್ಲಿ, ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಎಡ ಮೊಲೆಯಲ್ಲಿ ಗಂಟು ಕಂಡಿತು. ಈ ಶಬ್ದ ಕೇಳಿ ಹಿಂದಿನ ಸಾಲಿನಲ್ಲಿ ನಾಲ್ಕಾರು ಜನ ತಲೆ ತಗ್ಗಿಸಿದಿರಿ. ತಗ್ಗಿಸಬೇಡಿ. ನಾನೂ ಹಾಗೆ ತಲೆ ತಗ್ಗಿಸಿ ಐದು ತಿಂಗಳು ಕಳೆದೆ, ಆ ಕತೆ ಬೇರೆ. ಆಪರೇಷನ್ ಆಯಿತು, ಕೀಮೋ ಆಯಿತು, ಕರೆಂಟು ಕೊಡುವುದೂ ಆಯಿತು. ೨೦೧೯ರಲ್ಲಿ ಎಲ್ಲ ಮುಗಿದು ಮನೆಗೆ ಬಂದಾಗ ಓಣಿಯವರು ಉಡಿ ತುಂಬಿ, ‘ಗೆದ್ದು ಬಂದೆ’ ಎಂದರು. ಅಂದಿನಿಂದಲೇ ಮಾತ್ರೆ ಶುರುವಾಯಿತು. ದಿನಕ್ಕೊಂದು, ಕನಿಷ್ಠ ಐದು ವರ್ಷ. ಹೆಸರು ಟಾಮಾಕ್ಸಿಫೆನ್.

ಮೊಲೆಯ ಕ್ಯಾನ್ಸರ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಗಂಟು ಹೆಣ್ಣಿನ ಮೈಯೊಳಗಿನ ಈಸ್ಟ್ರೋಜನ್ ಎಂಬ ರಸದಿಂದ ಪುಷ್ಟಿ ಪಡೆಯುವಂಥದು. ಇದರ ಸುಳಿವು ಹಳೆಯದು. ೧೮೯೬ರಲ್ಲಿಯೇ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ವೈದ್ಯ, ಅಂಡಾಶಯ ತೆಗೆದರೆ ಕೆಲವರಲ್ಲಿ ಈ ರೋಗ ಕುಗ್ಗುತ್ತದೆಂದು ಬರೆದಿದ್ದ. ಟಾಮಾಕ್ಸಿಫೆನ್ನನ್ನು ೧೯೬೨ರಲ್ಲಿ ಇಂಗ್ಲೆಂಡಿನ ಒಂದು ಕಂಪನಿಯ ಪ್ರಯೋಗಶಾಲೆಯಲ್ಲಿ ಮೊದಲು ತಯಾರಿಸಿದಾಕೆ ಡೋರಾ ರಿಚರ್ಡ್‌ಸನ್ ಎಂಬ ಹೆಂಗಸು. ಅವರು ಹುಡುಕುತ್ತಿದ್ದುದು ಗರ್ಭ ನಿಲ್ಲದಿರುವ ಮಾತ್ರೆಯನ್ನು, ಸಿಕ್ಕಿದ್ದು ಇದು. ಬೀಗದ ಕಂಡಿಯಲ್ಲಿ ಬೇರೊಂದು ಕೀಲಿಯನ್ನು ಮುರಿದು ಸಿಕ್ಕಿಸಿಟ್ಟರೆ ನಿಜವಾದ ಕೀಲಿ ಒಳಗೆ ಹೋಗುವುದಿಲ್ಲವಷ್ಟೆ? ಮಾತ್ರೆ ಮಾಡುವ ಕೆಲಸ ಅದೇ. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕವನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಪ್ರಕಟಿಸಿದರು. ಐದು ವರ್ಷ ಇದನ್ನು ನುಂಗಿದವರಲ್ಲಿ ಆ ಅವಧಿಯಲ್ಲಿ ರೋಗ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಹದಿನೈದು ವರ್ಷದ ಲೆಕ್ಕ ಹಿಡಿದರೆ, ಈ ರೋಗದಿಂದ ಸಾಯುವವರಲ್ಲಿ ಮೂರರಲ್ಲೊಂದು ಪಾಲು ಉಳಿದುಕೊಂಡಿದ್ದರು.

ಇಷ್ಟು ದೊಡ್ಡ ಕೆಲಸ ಮಾಡುವ ಮಾತ್ರೆಯನ್ನು ನಾನು ಮೂರು ತಿಂಗಳು ನುಂಗಲಿಲ್ಲ. ಯಾರಿಗೂ ಹೇಳದೆ ಬಿಟ್ಟೆ.

ಏಕೆ ಬಿಟ್ಟೆ? ನೂಲಿನ ಗಿರಣಿಯ ಒಳಗೆ ದುಡಿದವರಿಗೆ ವಿವರಿಸಬೇಕಾಗಿಲ್ಲ. ಎಳೆ ಕಡಿಯಬಾರದೆಂದು ಕಿಟಕಿ ಮುಚ್ಚಿ, ಗಾಳಿಗೆ ತೇವ ಬಿಟ್ಟಿರುತ್ತಾರೆ. ಅದರೊಳಗೆ ನಿಂತಾಗ ಎದೆಯಿಂದ ಒಂದು ಝಳ ಏಳುತ್ತದೆ. ಕುತ್ತಿಗೆ, ಮುಖ, ನೆತ್ತಿ ಎಲ್ಲ ಉರಿದು, ಕುಪ್ಪಸ ತೊಯ್ದು, ಎರಡು ನಿಮಿಷದಲ್ಲಿ ಚಳಿ ಹಿಡಿಯುತ್ತದೆ. ಹಗಲು ಎಂಟು ಸಲ, ರಾತ್ರಿ ನಾಲ್ಕು ಸಲ. ರಾತ್ರಿ ನಿದ್ದೆಯಿಲ್ಲ, ಬೆಳಗಿನ ಪಾಳಿಗೆ ಕಣ್ಣು ಉರಿ. ಬಾಗಿಲ ಬಳಿ ಎರಡು ನಿಮಿಷ ನಿಲ್ಲುತ್ತೇನೆಂದರೆ ಜಾಬರ್, ‘ಮುಟ್ಟು ನಿಲ್ಲುವ ವಯಸ್ಸು, ಎಲ್ಲರಿಗೂ ಬರುವುದೇ’ ಎಂದು ನಕ್ಕ. ಮನೆಯಲ್ಲಿ ಸಣ್ಣ ಮಾತಿಗೂ ಸಿಟ್ಟು. ಸಿಟ್ಟಿನ ಬೆನ್ನಿಗೆ ಅಳು. ‘ಬದುಕಿಕೊಂಡ ಮೇಲೂ ಇದೇನು ಗೋಳು’ ಎಂದು ಅತ್ತೆಯವರು ಒಂದು ದಿನ ಅಂದರು. ಅಂದಿನಿಂದ ನಾನು ಬಾಯಿ ಬಿಡಲಿಲ್ಲ. ಜೀವ ಉಳಿಸಿದವರ ಮುಂದೆ ಸೆಕೆಯಾಗುತ್ತದೆಂದು ದೂರುವುದು ಕೃತಘ್ನತೆ ಎಂದೇ ನಂಬಿದ್ದೆ.

ಆಸ್ಪತ್ರೆಗೆ ಹೋದರೆ ಉದ್ದನೆಯ ಸಾಲು. ಒಳಗೆ ಹೋದ ಮೇಲೆ, ‘ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ‘ಹೌದು.’ ‘ಮುಂದಿನವರು.’ ಅಷ್ಟೇ. ನಾನು ಸುಳ್ಳು ಹೇಳಿದೆ, ಅವರು ನಂಬಿದರು.

ಸಿಕ್ಕಿಬಿದ್ದದ್ದು ಅಂಗಡಿಯ ಲೆಕ್ಕದಿಂದ. ನಮ್ಮ ಮನೆಯವರಿಗೆ ಅರ್ಧ ಕಿಲೋ ಬೇಳೆ ಕಡಿಮೆಯಾದರೂ ತಿಳಿಯುತ್ತದೆ. ಒಂದು ದಿನ ಔಷಧದ ಅಂಗಡಿಯವನು, ‘ಯಾಕಣ್ಣ, ಮೂರು ತಿಂಗಳಾಯಿತು ಮಾತ್ರೆ ಒಯ್ದಿಲ್ಲ’ ಎಂದನಂತೆ. ಅವರು ಬಂದು ಡಬ್ಬಿ ತೆಗೆದು ನೋಡಿದರು. ಬೈಯಲಿಲ್ಲ. ‘ಬೇಳೆಯ ಲೆಕ್ಕ ಇಟ್ಟೆ, ಇದರ ಲೆಕ್ಕ ಇಡಲಿಲ್ಲ’ ಎಂದು ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಮಾರನೆಯ ದಿನ ಅಂಗಡಿ ಮುಚ್ಚಿ ನನ್ನೊಡನೆ ಆಸ್ಪತ್ರೆಗೆ ಬಂದರು. ಅಂದು ಇದ್ದ ಡಾಕ್ಟರಮ್ಮನ ಮುಂದೆ ಇದ್ದದ್ದೆಲ್ಲ ಹೇಳಿದೆವು. ಆಕೆ ಗದರಲಿಲ್ಲ. ಹೀಗೆ ನಡುವೆ ಬಿಡುವವರು ಎಲ್ಲ ದೇಶಗಳಲ್ಲಿಯೂ ಬಹಳ ಮಂದಿ ಇದ್ದಾರೆ ಎಂದರು. ಬಿಡುವ ಮೊದಲು ಬಂದು ಹೇಳಿದ್ದರೆ ಏನಾದರೂ ಮಾಡಬಹುದಿತ್ತು ಎಂದೂ ಹೇಳಿದರು.

ಮಾಡಬಹುದಾದದ್ದು ನಿಜಕ್ಕೂ ಇತ್ತು. ಝಳಕ್ಕೆ ವೆನ್ಲಾಫಾಕ್ಸಿನ್, ಗ್ಯಾಬಪೆಂಟಿನ್ ಎಂಬ ಔಷಧಗಳಿವೆ. ಎಲ್ಲರಿಗೂ ಬೇಕಾಗುವುದಿಲ್ಲ, ಬೇಕಾದವರಿಗೆ ವೈದ್ಯರು ಕೊಡುತ್ತಾರೆ. ಆದರೆ ಮನಸ್ಸು ಕುಗ್ಗಿದೆಯೆಂದು ಬೇರೆ ಕಡೆ ಹೋಗಿ ಫ್ಲುವಾಕ್ಸೆಟಿನ್, ಪ್ಯಾರಾಕ್ಸೆಟಿನ್ ತಂದು ನುಂಗಿದರೆ ಅವು ಟಾಮಾಕ್ಸಿಫೆನ್ನಿನ ಕೆಲಸಕ್ಕೇ ಅಡ್ಡ ಬರುತ್ತವೆ. ಯಾವ ವೈದ್ಯರ ಬಳಿಗೆ ಹೋದರೂ ಈ ಮಾತ್ರೆಯ ಹೆಸರನ್ನು ಮೊದಲು ಹೇಳಬೇಕು. ಬೇರು, ಲೇಹ್ಯ, ಕಷಾಯದ ವಿಷಯದಲ್ಲಿಯೂ ಹಾಗೆಯೇ, ಮುಚ್ಚಿಟ್ಟು ಕುಡಿಯಬಾರದು. ಉಳಿದದ್ದು ಮನೆಯ ಉಪಾಯ. ತೆಳು ಹತ್ತಿಯ ಬಟ್ಟೆ, ಕೈಗೆ ಸಿಗುವಂತೆ ತಣ್ಣನೆಯ ನೀರು, ದಿನಕ್ಕೆ ಆರು ಚಹಾ ಕುಡಿಯುತ್ತಿದ್ದವಳು ಎರಡಕ್ಕೆ ಇಳಿದದ್ದು, ಹಾಸಿಗೆಯ ಪಕ್ಕ ಒಣಗಿದ ಕುಪ್ಪಸ. ಸಣ್ಣ ಸಂಗತಿಗಳೇ, ಆದರೆ ರಾತ್ರಿ ನಾಲ್ಕು ಸಲ ಏಳುತ್ತಿದ್ದವಳು ಎರಡು ಸಲ ಏಳುವಂತಾಯಿತು.

೨೦೨೨ರ ಹೊತ್ತಿಗೆ ಮುಟ್ಟು ಪೂರ್ತಿ ನಿಂತಿತ್ತು. ರಕ್ತಪರೀಕ್ಷೆ ಮಾಡಿ ಲೆಟ್ರೊಜೋಲ್ ಎಂಬ ಇನ್ನೊಂದು ಮಾತ್ರೆಗೆ ಬದಲಾಯಿಸಿದರು. ಇದು ಬೀಗ ಮುಚ್ಚುವುದಲ್ಲ, ಕೀಲಿ ತಯಾರಾಗುವುದನ್ನೇ ತಡೆಯುತ್ತದೆ. ಝಳ ಕಡಿಮೆಯಾಯಿತು, ಗಂಟುನೋವು ಬಂತು. ಬೆಳಿಗ್ಗೆ ಬೆರಳು ಮಡಚಲಾಗದು, ರೊಟ್ಟಿ ತಟ್ಟಲಾಗದು. ನೋವಿದ್ದರೆ ಮಲಗಬೇಕೆಂದು ನಾವು ತಿಳಿದಿದ್ದೇವೆ. ಇಲ್ಲಿ ಅದು ಉಲ್ಟಾ. ವಾರಕ್ಕೆ ೧೫೦ ನಿಮಿಷ ಬಿರುಸಾಗಿ ನಡೆದು, ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಈ ನೋವು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ತಗ್ಗಿತೆಂದು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ನಾನು ಮನೆಯಿಂದ ಕೆರೆಯ ಏರಿಯವರೆಗೆ ನಡೆಯುತ್ತೇನೆ, ಎರಡು ಕಿಲೋ ಸಕ್ಕರೆಯ ಪೊಟ್ಟಣ ಕೈಯಲ್ಲಿ ಹಿಡಿದು ಎತ್ತಿಳಿಸುತ್ತೇನೆ. ಆದರೂ ತಾಳದಿದ್ದರೆ ಇದೇ ಜಾತಿಯ ಬೇರೆ ಮಾತ್ರೆಗಳಿವೆ. ಒಂದು ಒಗ್ಗದವರಿಗೆ ಇನ್ನೊಂದು ಒಗ್ಗಬಹುದು. ಈ ಮಾತ್ರೆಯಿಂದ ಎಲುಬು ತೆಳುವಾಗುತ್ತದೆ, ಆದ್ದರಿಂದ ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಬೇಕು. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದೆ. ಬಡವರ ಮುದ್ದೆಯ ಬಗ್ಗೆ ನಗುತ್ತಿದ್ದವರು ಈಗ ಡಬ್ಬಿಯಲ್ಲಿ ಅದರ ಪುಡಿ ಮಾರುತ್ತಿದ್ದಾರೆ, ಇರಲಿ. ಮುದ್ದೆಯೊಂದೇ ಸಾಲದು, ವೈದ್ಯರು ಬರೆದ ಮಾತ್ರೆ, ಸೂಜಿ ಬಿಡಬಾರದು.

ತಡಮಾಡದೆ ಓಡಬೇಕಾದ ಲಕ್ಷಣಗಳನ್ನು ಗಂಡಸರೂ ನೆನಪಿಡಿ. ಟಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಒಂದೇ ಕಾಲು ಊದಿ ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು. ಇದು ರಕ್ತ ಹೆಪ್ಪುಗಟ್ಟಿರಬಹುದು, ನಾಳೆ ನೋಡೋಣ ಎನ್ನಬಾರದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಗರ್ಭಕೋಶವನ್ನು ಪರೀಕ್ಷಿಸಬೇಕು. ಇವು ಅಪರೂಪ, ಆದರೆ ಇವೆ. ಚಿಕ್ಕ ವಯಸ್ಸಿನವರು ಈ ಮಾತ್ರೆಯ ಕಾಲದಲ್ಲಿ ಬಸುರಾಗಬಾರದು, ಮಗುವಿಗೆ ಕೇಡು. ಮಗು ಬೇಕೆನ್ನುವವರು ವೈದ್ಯರೊಡನೆ ಮೊದಲೇ ಮಾತನಾಡಬೇಕು.

ಕೆಲಸಕ್ಕೆ ಸಂಬಂಧಿಸಿ ಎರಡು ಮಾತು. ಇ.ಎಸ್.ಐ. ಕಾರ್ಡು ಇದ್ದು, ಎರಡು ವರ್ಷ ಎಡೆಬಿಡದೆ ನೌಕರಿಯಲ್ಲಿದ್ದು ವಂತಿಗೆ ಸರಿಯಾಗಿ ಸಂದಿದ್ದರೆ, ಕ್ಯಾನ್ಸರಿಗೆ ಕೂಲಿಯ ೮೦ ಪಾಲಿನಷ್ಟು ದೀರ್ಘ ಕಾಯಿಲೆಯ ಭತ್ಯೆ ಉಂಟು. ಇದು ಕೆಲಸ ಮಾಡಲಾಗದೆಂದು ವೈದ್ಯರು ಬರೆದುಕೊಟ್ಟ ದಿನಗಳಿಗೆ. ಮಾತ್ರೆ ನುಂಗುತ್ತಾ ಪಾಳಿಗೆ ಬರುವವಳಿಗೆ ಬೇಕಾದದ್ದು ಬೇರೆ: ಬಾಗಿಲ ಬಳಿ ಐದು ನಿಮಿಷ, ಒಂದು ಸ್ಟೂಲು, ತಪಾಸಣೆಯ ದಿನ ಹಾಜರಿ ಕಡಿಯದಿರುವುದು. ನನ್ನ ಖಾತೆಯ ಹನ್ನೊಂದು ಜನ ಹೆಂಗಸರು ಒಟ್ಟಿಗೆ ಹೋಗಿ ಕೇಳಿದಾಗ ಸ್ಟೂಲು ಬಂತು. ಹಾಜರಿಯ ಮಾತು ನಾನು ಕೆಲಸ ಬಿಡುವವರೆಗೂ ಬಗೆಹರಿಯಲಿಲ್ಲ. ಅಂಗಡಿಯವರ ಹೆಂಡಿರಿಗಂತೂ ಹಾಜರಿಯೇ ಇಲ್ಲ, ಕೇಳುವುದು ಯಾರನ್ನು? ಗಂಡನನ್ನೇ.

ಇನ್ನೊಂದು ವಿಷಯ ಉಳಿದಿದೆ. ಗಂಡಹೆಂಡಿರ ನಡುವಿನದು. ಈ ಮಾತ್ರೆಗಳಿಂದ ಒಳಗೆ ಒಣಗುತ್ತದೆ, ನೋಯುತ್ತದೆ, ಮನಸ್ಸೂ ಬರುವುದಿಲ್ಲ. ಅದು ಹೆಂಡತಿಯ ಕೋಪವಲ್ಲ, ಔಷಧದ ಗುಣ. ಅದಕ್ಕೂ ಹಾರ್ಮೋನ್ ಇಲ್ಲದ ಲೇಪಗಳಿವೆ. ಹಾರ್ಮೋನ್ ಇರುವುದನ್ನು ಮಾತ್ರ ಕೇಳದೆ ಹಚ್ಚಬಾರದು. ಗಂಡಸರಿಗೆ ಇಷ್ಟು ತಿಳಿದರೆ ಸಾಕು. ಹೊರಗೆ ಚಹಾ ಕಾದಿದೆ, ನೀವು ಎದ್ದು ಕುಡಿದು ಬನ್ನಿ. ಹೋಗುವಾಗ ಆ ಬಾಗಿಲು ಎಳೆದುಕೊಳ್ಳಿ. ಅಕ್ಕಂದಿರೇ, ನೀವು ಇತ್ತ ಮುಂದೆ ಬನ್ನಿ, ಇನ್ನು ನಾವು ಮಾತಾಡೋಣ.