ಗಗನಚುಕ್ಕಿಗೆ ಹಾರಿದ ಅಳಿಯಂದಿರು



ಈ ಉಪನ್ಯಾಸ ಮಾಲೆಯಲ್ಲಿ ನನಗೆ ಒಪ್ಪಿಸಿರುವುದು ಯುದ್ಧದಲ್ಲಿ ಕಳೆದುಕೊಂಡವರ ಬಗ್ಗೆ ಜನ ಕಟ್ಟಿಕೊಂಡ ಕಥೆಗಳ ವಿಷಯ. ಚರಿತ್ರೆಯ ಎಳೆಯೊಂದನ್ನು ಹಿಡಿದು ಅದಕ್ಕೆ ಕಲ್ಪನೆಯ ಹೊಕ್ಕು ಹಾಕಿ ನೇಯ್ದ ಕಥೆಗಳು. ಉದಾಹರಣೆ ಹುಡುಕಿಕೊಂಡು ನಾನು ಬಹಳ ದೂರ ಹೋಗಬೇಕಾಗಲಿಲ್ಲ. ಇಲ್ಲಿ ಹನೂರಿನಲ್ಲಿ ಬಸ್ಸು ಹತ್ತಿ, ಕೊಳ್ಳೇಗಾಲ ದಾಟಿ, ಸತ್ಯಾಗಾಲದವರೆಗೆ ಹೋದರೆ ಸಾಕು. ಅಲ್ಲಿ ಕಾವೇರಿ ಎರಡು ಕವಲಾಗಿ ಒಂದು ನಡುಗಡ್ಡೆಯನ್ನು ಬಳಸಿ ಹರಿಯುತ್ತಾಳೆ. ನಮ್ಮ ಕಡೆಯ ಕವಲು ಭರಚುಕ್ಕಿಯಲ್ಲಿ ಬೀಳುತ್ತದೆ, ಮಳವಳ್ಳಿ ಕಡೆಯದು ಗಗನಚುಕ್ಕಿಯಲ್ಲಿ. ನಡುವೆ ಇರುವುದು ಶಿವನಸಮುದ್ರ. ಮಧ್ಯರಂಗನ ಗುಡಿಗೆಂದೋ ಮಳೆಗಾಲದ ನೀರು ನೋಡಲೆಂದೋ ನೀವೆಲ್ಲ ಹೋಗಿ ಬಂದಿರುವ ಜಾಗ. ಅಲ್ಲೊಂದು ಪಟ್ಟಣವಿತ್ತು. ಅದು ಹಾಳಾದ ಕಥೆ ಹೀಗಿದೆ.

ಶಿವನಸಮುದ್ರದ ದೊರೆ ಗಂಗರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ಯಾಗಾಲದ ಹತ್ತಿರದ ಕಿಳಿಮಲೆಯ ದೊರೆಗೆ ಕೊಟ್ಟ, ಇನ್ನೊಬ್ಬಳನ್ನು ಮದ್ದೂರಿನ ಹತ್ತಿರದ ನಗರಕೆರೆಯ ದೊರೆಗೆ. ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಮಾತುಮಾತಿಗೂ ತವರಿನ ಸಿರಿ ಎತ್ತಿ ಆಡುತ್ತಿದ್ದರಂತೆ. ಕೇಳಿ ಕೇಳಿ ಬೇಸತ್ತ ಅಳಿಯಂದಿರು ಒಂದಾಗಿ ಮಾವನ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಹನ್ನೆರಡು ವರ್ಷ ಕಾದರೂ ನಡುಗಡ್ಡೆಯ ಮೇಲೆ ಕಾಲಿಡಲಾಗಲಿಲ್ಲ. ಕೊನೆಗೆ ಮಾವನ ದಳವಾಯಿಯನ್ನೇ ತಮ್ಮ ಕಡೆಗೆ ಸೆಳೆದುಕೊಂಡರು. ಹೊಳೆ ಹಾಯುವ ಜಾಗ ಇದ್ದದ್ದು ಒಂದೇ. ದಳವಾಯಿ ಅಲ್ಲಿನ ಕಾವಲು ತೆಗೆಸಿ, ದೊರೆಯನ್ನು ಚದುರಂಗಕ್ಕೆ ಕೂರಿಸಿಕೊಂಡ. ಆಟದ ನಡುವೆ ಹೊರಗೆ ಗದ್ದಲ ಎದ್ದಿತು. ಏನದು ಎಂದು ದೊರೆ ತಲೆ ಎತ್ತಿದ. ಮಕ್ಕಳು ಆಡುತ್ತಿದ್ದಾರೆ ಅಷ್ಟೇ ಎಂದ ದಳವಾಯಿ.

ದೊರೆಗೆ ಅರ್ಥವಾಯಿತು. ಕತ್ತಿ ಹಿರಿದ. ಶತ್ರುವಿನ ಕೈಗೆ ಸಿಗಬಾರದೆಂದು ಮೊದಲು ತನ್ನ ಹೆಂಗಸರನ್ನೂ ಮಕ್ಕಳನ್ನೂ ಕಡಿದ, ಆಮೇಲೆ ಸೈನ್ಯದ ನಡುವೆ ನುಗ್ಗಿ ತಾನೂ ಸತ್ತ. ಗೆದ್ದು ಒಳಗೆ ಬಂದ ಅಳಿಯಂದಿರು ಕಂಡದ್ದು ಇದನ್ನು. ನೋಡಿದವರೇ ಹೋಗಿ ಗಗನಚುಕ್ಕಿಗೆ ಹಾರಿಕೊಂಡರು. ಅವರ ಹಿಂದೆ ಅವರ ಹೆಂಡಿರೂ ಹಾರಿಕೊಂಡರು. ಆಮೇಲೆ ಚನ್ನಪಟ್ಟಣದ ಜಗದೇವರಾಯ ಮತ್ತು ತಲಕಾಡಿನ ಶ್ರೀರಂಗರಾಜ ಬಂದು ಉಳಿದ ಜನವನ್ನೂ ಸಂಪತ್ತನ್ನೂ ಸಾಗಿಸಿಕೊಂಡು ಹೋದರು. ಪಟ್ಟಣ ಕಾಡಾಯಿತು.

ಇದರಲ್ಲಿ ಚರಿತ್ರೆ ಎಷ್ಟು? ಗಂಗರಾಜ ಎಂಬ ದೊರೆ ಇದ್ದ. ಉಮ್ಮತ್ತೂರಿನ ಪಾಳೆಯಗಾರರ ಮನೆತನ ಅವನದು, ಶಿವನಸಮುದ್ರ ಅವನ ಬಲವಾದ ಕೋಟೆ. ಆದರೆ ಆ ಕೋಟೆಯನ್ನು ಮುರಿದದ್ದು ಅಳಿಯಂದಿರಲ್ಲ, 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ. ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲೇ ರಾಯ ಉಮ್ಮತ್ತೂರನ್ನೂ ಶಿವನಸಮುದ್ರವನ್ನೂ ಗೆದ್ದ. ಓಡಿಹೋಗುವಾಗ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತನೆಂದು ಇತಿಹಾಸಕಾರರು ಬರೆಯುತ್ತಾರೆ. ಕಥೆಯ ಕೊನೆಯಲ್ಲಿ ಬರುವ ಜಗದೇವರಾಯನಾದರೋ ಆ ಶತಮಾನದ ಕೊನೆಯ ಭಾಗದವನು. ಹಲವು ದಶಕಗಳ ಅಂತರದವರನ್ನು ಕಥೆ ಒಂದೇ ಅಂಗಳದಲ್ಲಿ ನಿಲ್ಲಿಸಿದೆ. ಹೊಳೆ ಮಾತ್ರ ಎರಡರಲ್ಲೂ ಉಳಿದಿದೆ, ಅದಕ್ಕೆ ಬಿದ್ದವರು ಬೇರೆಯಾಗಿದ್ದಾರೆ.

ಚಕ್ರವರ್ತಿಗೂ ಪಾಳೆಯಗಾರನಿಗೂ ನಡೆದ ಯುದ್ಧವನ್ನು ಜನ ಮಾವನಿಗೂ ಅಳಿಯನಿಗೂ ನಡೆದ ಯುದ್ಧವನ್ನಾಗಿ ಏಕೆ ಮಾಡಿದರು? ಉತ್ತರ ಹುಡುಕಲು ಈ ಕಥೆ ಬರಹಕ್ಕೆ ಇಳಿದ ಕಾಲವನ್ನು ನೋಡಬೇಕು. ಇದನ್ನು ದಾಖಲಿಸಿದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಈ ಸೀಮೆಯ ಬೆಳೆ, ಜನ, ಕಸುಬುಗಳ ವಿವರ ತರಲು ಕಳಿಸಿದ ವೈದ್ಯ ಅವನು. ಶಿವನಸಮುದ್ರ ನೋಡಿಕೊಂಡು ಕೊಳ್ಳೇಗಾಲದ ದಾರಿಯಾಗಿ ಕಾವೇರಿಪುರದ ಕಣಿವೆ ಇಳಿದ. ಅಂದರೆ ನಮ್ಮ ಈ ಸೀಮೆಯನ್ನು ಹಾದೇ ಹೋದ. ಅವನು ಬರುವುದಕ್ಕೆ ಒಂದೂವರೆ ವರ್ಷ ಮೊದಲು, 1799ರ ಮಾರ್ಚ್‌ನಲ್ಲಿ, ಹೊಳೆಯಾಚೆಯ ಮಳವಳ್ಳಿಯಲ್ಲಿ ಕಾಳಗ ನಡೆದಿತ್ತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತ್ತು. ಅದೂ ಕಾವೇರಿಯ ನಡುಗಡ್ಡೆಯ ಕೋಟೆ. ಒಳಗಿನವರೇ ದ್ರೋಹ ಬಗೆದರೆಂದು ಜನ ಆಡಿಕೊಂಡದ್ದು ಅದರ ಬಗ್ಗೆಯೂ ಉಂಟು.

ಈಗ ಯೋಚಿಸಿ. ಬುಕಾನನ್ನನಿಗೆ ಕಥೆ ಹೇಳಿದವರು ಯುದ್ಧದ ಬೂದಿ ಆರುವ ಮೊದಲೇ ಹೇಳಿದವರು. ಕೇಳುತ್ತಿದ್ದವನು ಗೆದ್ದವರ ಕಡೆಯವನು. ಅವನ ಮುಂದೆ ನೆನ್ನೆಯ ಸಾವನ್ನು ಹೇಳಿಕೊಳ್ಳಲಾಗದು. ಮುನ್ನೂರು ವರ್ಷದ ಹಿಂದಿನ ಸಾವನ್ನು ಹೇಳಬಹುದು.

ನಮ್ಮ ಕಡೆ ಸಾವಿನ ಮನೆಗೆ ಹೋದ ಹೆಂಗಸರನ್ನು ನೋಡಿದ್ದೀರಿ. ಪಕ್ಕದ ಮನೆಯ ಅಜ್ಜಿ ಸತ್ತಳೆಂದು ಅಳಲು ಕೂರುತ್ತಾರೆ. ಅಳು ಮುಂದುವರಿದಂತೆ ಎಂದೋ ಹೋದ ತಮ್ಮವ್ವನ ಹೆಸರು ಬರುತ್ತದೆ, ಕೈತಪ್ಪಿದ ಮಗನ ಹೆಸರು ಬರುತ್ತದೆ. ಪರರ ಅಂಗಳದಲ್ಲಿ ಕೂತು ತಮ್ಮವರಿಗಾಗಿ ಅಳುತ್ತಾರೆ. ಚರಿತ್ರೆಯ ಕಲ್ಪನಾಕಥೆ ಅಂಥದೊಂದು ಅಂಗಳ ಎಂಬುದು ನನ್ನ ನಂಬಿಕೆ. ಈ ಸಂಜೆ ನಾನು ಹೇಳಬೇಕಾದ ಮಾತು ಇದೊಂದೇ.

ಊರೂರಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕುಳಿತಿದ್ದಾನೆ. ರಣದಿಂದ ಕೈಲಾಸಕ್ಕೆ ನೇರ ದಾರಿ. ನಡುವೆ ಅವನ ಮನೆ ಎಲ್ಲಿ? ತಾಯಿ ಎಲ್ಲಿ? ಮಾಸ್ತಿಕಲ್ಲಿನಲ್ಲಿ ಹೆಂಡತಿ ಬರುತ್ತಾಳೆ, ಅದೂ ಬಹಳ ಕಡೆ ಬಳೆ ತೊಟ್ಟ ಒಂದು ತೋಳಾಗಿ ಮಾತ್ರ. ಕಲ್ಲಿನಲ್ಲಿ ಕೆತ್ತದೆ ಬಿಟ್ಟ ಆ ಮನೆಯನ್ನು ಗಂಗರಾಜನ ಕಥೆ ತುಂಬಿಕೊಟ್ಟಿತು. ಸೋತವನ ಮನೆಯೂ ಗೆದ್ದವನ ಮನೆಯೂ ಒಂದೇ ಎಂದಿತು. ಅಳಿಯ ಗೆದ್ದರೆ ಸಾಯುವುದು ಹೆಂಡತಿಯ ಅಪ್ಪ, ಅವಳ ಅವ್ವ, ಅವಳ ತಮ್ಮ. ಇಂಥ ಗೆಲುವನ್ನು ಹೊತ್ತು ಯಾರ ಮನೆಗೆ ಹೋಗುವುದು? ಹೋಗಲು ಮನೆಯಿಲ್ಲದ್ದಕ್ಕೇ ಅವರು ನೀರಿಗೆ ಹೋದರು.

ಆದರೆ ಈ ಕಥೆಯೊಂದಿಗೆ ನನಗೊಂದು ಜಗಳವೂ ಇದೆ. ಎಲ್ಲ ಅನಾಹುತದ ಹೊರೆಯನ್ನು ಅದು ಆ ಇಬ್ಬರು ಹೆಣ್ಣುಮಕ್ಕಳ ನಾಲಗೆಯ ಮೇಲೆ ಹೊರಿಸುತ್ತದೆ. ತವರನ್ನು ಹೊಗಳಿಕೊಂಡದ್ದಕ್ಕೆ ಒಂದು ಪಟ್ಟಣವೇ ಹಾಳಾಗಬೇಕೆ? ಕಿಳಿಮಲೆಗೂ ನಡುಗಡ್ಡೆಗೂ ನಾಲ್ಕೇ ಮೈಲಿ. ಹನ್ನೆರಡು ವರ್ಷ ಆ ಮಗಳು ಗಂಡನ ಪಾಳೆಯದ ಹೊಗೆಯನ್ನೂ ಅಪ್ಪನ ಕೋಟೆಯ ದೀಪವನ್ನೂ ಒಂದೇ ಬಾಗಿಲಿನಿಂದ ನೋಡಿರಬೇಕು. ಆ ಬಾಗಿಲಲ್ಲಿ ಅವಳು ಏನೆಂದುಕೊಂಡಳು ಎಂಬುದನ್ನು ಕಥೆ ಹೇಳುವುದಿಲ್ಲ.

ಹೆಣ್ಣಿನ ಸಂಕಟವನ್ನು ಕೇಳಿಸಿಕೊಳ್ಳುವ ಕಥೆ ನಮ್ಮಲ್ಲೇ ಇದೆ. ಕಂಸಾಳೆ ಹಿಡಿದು ದೇವರಗುಡ್ಡರು ಹಾಡುವ, ನಮ್ಮ ಬೆಟ್ಟದ ದೇವರು ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಕಾಡಿಗೆ ಹೊರಟ ಗಂಡ ನೀಲಯ್ಯ ಅವಳ ಶೀಲದ ಮೇಲೆ ಅನುಮಾನಪಟ್ಟು ಭಾಷೆ ಕೊಡೆಂದು ಪೀಡಿಸುತ್ತಾನೆ, ಹಿಂಸಿಸಿ ಒಂಟಿಯಾಗಿ ಬಿಟ್ಟು ಹೋಗುತ್ತಾನೆ. ಅವಳ ಕೂಗು ಕೇಳಿ ಮಾದಪ್ಪ ಬರುತ್ತಾನೆ, ಅವಳಿಗೆ ಕಾರಯ್ಯ ಬಿಲ್ಲಯ್ಯ ಎಂಬ ಮಕ್ಕಳ ಫಲ ಕೊಡುತ್ತಾನೆ. ಅಲ್ಲಿ ಯುದ್ಧವಿಲ್ಲ ನಿಜ. ಆದರೆ ಅದ್ಭುತ ಎಂಬುದು ಯಾರ ಪರವಾಗಿ ನಿಲ್ಲಬೇಕೆಂದು ಆ ಹಾಡಿಗೆ ಗೊತ್ತು.

ಹಿಂದೆ ಕುಳಿತಿರುವ ಕಾಲೇಜಿನ ಮಕ್ಕಳೇ, ನಿಮ್ಮಲ್ಲಿ ಬರೆಯುವವರಿದ್ದೀರಿ. ಅದ್ಭುತ ಕಥೆ ಬರೆಯಲು ಹೊರಗಿನ ಡ್ರ್ಯಾಗನ್ನನ್ನು ಎರವಲು ತರಬೇಡಿ. ಕಿಳಿಮಲೆಯ ಆ ಬಾಗಿಲಿಗೆ ಹೋಗಿ ನಿಲ್ಲಿ. ಗಂಗರಾಜನ ಮಗಳು ಮಾದಪ್ಪನನ್ನು ಕೂಗಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳಿ. ಮನೆಯ ಅಜ್ಜಿಯರನ್ನು ಕೂರಿಸಿಕೊಂಡು, ಅವರು ಯಾರಿಗಾಗಿ ಅತ್ತಿದ್ದಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಕಥೆ ಅಲ್ಲಿಂದ ಹುಟ್ಟುತ್ತದೆ.

ಮುಂದಿನ ಮಳೆಗಾಲದಲ್ಲಿ ಗಗನಚುಕ್ಕಿಗೆ ಹೋದಾಗ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲಿ. ನೀರಿನ ಮೊರೆತದ ನಡುವೆ ಒಂದು ಗದ್ದಲ ಕೇಳುತ್ತದೆ. ಏನದು ಎಂದು ತಿರುಗಿ ನೋಡಿದರೆ, ಭಾನುವಾರ ಅಪ್ಪ ಅಮ್ಮನ ಜೊತೆ ಬಂದ ಮಕ್ಕಳು ಆಡುತ್ತಿರುತ್ತಾರೆ. ದಳವಾಯಿ ಆಡಿದ ಸುಳ್ಳು ಆ ಜಾಗದಲ್ಲಿ ಇವತ್ತು ನಿಜವಾಗಿದೆ. ಅದು ನಿಜವಾಗಿಯೇ ಉಳಿಯಲಿ.